ಎರಡನೆಯ ತಂತಿ

ಸ್ವರೂಪಾ ಎರಡು ಎಕ್ಸ್‌ರೇ ಫಿಲ್ಮುಗಳನ್ನು ಒಂದರ ಮೇಲೊಂದಿಟ್ಟು, ಅಂಚಿಗೆ ಅಂಚು ಸೇರಿಸಿ, ಗೋಡೆಯ ಟ್ಯೂಬ್‌ಲೈಟಿಗೆ ಹಿಡಿದಳು.

ಕೆಳಗಿನದು ಸಿರ್ಗಾಪುರದ ಪಾಳುಬಾವಿಯಲ್ಲಿ ಸಿಕ್ಕ ಹೆಣದ್ದು. ಮೇಲಿನದು ಅದೇ ಊರಿನ ಮಾಳಮ್ಮ ಎಂಬ ಮುದುಕಿಯದು. ಕೆಮ್ಮಿಗೆಂದು ಫಿಲ್ಮ್ ತೆಗೆಸಿಕೊಂಡು ಹೋದ ಮಾಳಮ್ಮ, ಎದೆಯಲ್ಲಿ ಸೂಜಿ ಇದೆ ಎಂದು ಯಾರೋ ಹೇಳಿದ ದಿನದಿಂದ ಬೋರಲು ಮಲಗುವುದನ್ನೇ ಬಿಟ್ಟಿದ್ದಳು.

ಹೆಣದ ಕೊರಳ ಬುಡದ ಎಲುಬಿನ ಮೇಲೆ ಒಂದು ಬಿಳಿ ಗೆರೆ. ಮುದುಕಿಯ ಪಕ್ಕೆಲುಬುಗಳ ನಡುವೆ ಒಂದು ಬಿಳಿ ಗೆರೆ. ಎರಡೂ ಒಂದರ ಮೇಲೊಂದು ಬಂದು ಕೂತವು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ನೋಡ್ರಿ ಬಂಡೆಪ್ಪನೋರೆ. ಸತ್ತವನ ಎಲುವಿನಾಗಿನ ತಂತಿ, ಬದುಕಿರೋ ಮುದುಕಿ ಎದಿಯಾಗ ಹೆಂಗ ಬಂತು?"

ಎರಡೂ ಫಿಲ್ಮುಗಳನ್ನು ತೆಗೆದವನು, ನಾರಾಯಣಖೇಡದ ಬಸ್‌ಸ್ಟ್ಯಾಂಡ್ ಹಿಂದಿನ ಆ ಎಕ್ಸ್‌ರೇ ಅಂಗಡಿಯ ಮಾಲೀಕ ಬಂಡೆಪ್ಪ, ನಗುವುದರಲ್ಲಿ ಜಿಪುಣನಲ್ಲ. ಹಣೆಯ ವಿಭೂತಿ ಸುಕ್ಕುಗಟ್ಟುವ ಹಾಗೆ ನಕ್ಕ.

"ಮೊದಲ ಚಹಾ ಕುಡೀರಿ ಮೇಡಂ. ಗೆರಿ ಎಲ್ಲಿಗೂ ಓಡಿ ಹೋಗಂಗಿಲ್ಲ."

ಚಹಾ ಆಗಲೇ ಆರಿತ್ತು. ರೋಗಿಗಳ ಬೆಂಚಿನ ಮೇಲೆ ಕೂತಿದ್ದ ಧಮ್ಮಶೀಲಾ ತನ್ನ ಲೋಟವನ್ನು ಮುಟ್ಟಿಯೂ ಇರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು, ಇಷ್ಟೇ ಆಕೆಯ ಕೆಲಸವಾಗಿತ್ತು. ಆಕೆಯ ಮಗ ಕ್ರಾಂತಿಕುಮಾರ ಕೊಲೆ ಆರೋಪದ ಮೇಲೆ ಜೈಲಿನಲ್ಲಿದ್ದ.

ಕೊಲೆಯಾದವನು ಯಾರು ಎಂದು ಹೇಳಿದ್ದು ಮುಖವಲ್ಲ. ಬಾವಿಯ ನೀರು ಮುಖವನ್ನು ಉಳಿಸಿರಲಿಲ್ಲ. ಹೇಳಿದ್ದು ಈ ಗೆರೆ. ತಾಂಡೂರಿನ ಕಲ್ಲಿನ ವ್ಯಾಪಾರಿ ವೀರಭದ್ರ ಹಿಂದೊಮ್ಮೆ ಬೈಕಿನಿಂದ ಬಿದ್ದಾಗ ಕೊರಳ ಬುಡದ ಎಲುಬಿಗೆ ಉಕ್ಕಿನ ತಂತಿ ಹಾಕಿದ್ದರು. ಹೆಣದ ಫಿಲ್ಮಿನಲ್ಲೂ ಅದೇ ಜಾಗದಲ್ಲಿ ತಂತಿ ಕಂಡಿತು. ಅಲ್ಲಿಗೆ ಹೆಣ ವೀರಭದ್ರನದಾಯಿತು. ಅವನ ಜೊತೆ ಲಾರಿಯಲ್ಲಿ ಕಲ್ಲು ಹೇರಿಕೊಂಡು ಹೊರಟು ಒಬ್ಬನೇ ಮರಳಿದ ಡ್ರೈವರ್ ಕ್ರಾಂತಿಕುಮಾರ ಕೊಲೆಗಾರನಾದ.

ಗೆರೆ ಸುಳ್ಳಾದರೆ ಹೆಣ ವೀರಭದ್ರನದು ಎನ್ನುವುದಕ್ಕೆ ಬೇರೆ ಯಾವ ಆಧಾರವೂ ಉಳಿಯುತ್ತಿರಲಿಲ್ಲ. ಅದಕ್ಕೇ ಸ್ವರೂಪಾ ಜಹೀರಾಬಾದಿನಿಂದ ಧಮ್ಮಶೀಲಾಳನ್ನೂ ಕರೆದುಕೊಂಡು ಬೆಳಿಗ್ಗೆಯೇ ಇಲ್ಲಿಗೆ ಬಂದಿದ್ದಳು.

"ಫಿಲ್ಮ್ ಅಂದ್ರ ಭಾಳ ಸುಳ್ಳುಬುರುಕ ಮೇಡಂ," ಎಂದ ಬಂಡೆಪ್ಪ. ಅವನಿಗೆ ಮಾತಿನ ಹುರುಪು ಬಂದಿತ್ತು. "ಒಂದ್ಸಲ ಒಬ್ಬ ಹುಡುಗಿ ಜಡಿ ಮುಂದ ಹಾಕ್ಕೊಂಡು ನಿಂತಿದ್ಲು. ನಮ್ಮ ಆಳು ನೋಡದೇ ಫಿಲ್ಮ್ ತಗದ. ಡಾಕ್ಟರು ಜಡಿ ನೆಳ್ಳು ನೋಡಿ ಟಿ.ಬಿ. ಅಂತ ಗುಳಿಗಿ ಬರದುಬಿಟ್ರು. ಆವತ್ತಿನಿಂದ ನಾ ಯಾರನ್ನೂ ನಂಬಂಗಿಲ್ಲ. ಜಡಿ ಮ್ಯಾಲ ಕಟ್ಟಸ್ತೀನಿ. ತಾಯತ ಬಿಚ್ಚಸ್ತೀನಿ. ಕ್ಯಾಸೆಟ್ ತೆರದು ದೂಳು ಒರಸ್ತೀನಿ. ಫಿಲ್ಮ್ ಹಿಡಿವಾಗ ಉಗುರು ಒತ್ತಿದ್ರ ಚಂದ್ರನಂಗ ಗುರುತು ಬೀಳತದ, ಅದಕ್ಕ ಉಗುರು ಬೆಳಸಂಗಿಲ್ಲ. ನೋಡ್ರಿ ಬೇಕಾದ್ರ."

ಹತ್ತೂ ಬೆರಳುಗಳನ್ನು ಚಾಚಿ ತೋರಿಸಿದ. ಉಗುರುಗಳು ನಿಜಕ್ಕೂ ಶುದ್ಧವಾಗಿದ್ದವು.

"ಇಷ್ಟೆಲ್ಲಾ ನೋಡೋ ನಿಮ್ಮ ಕಣ್ಣಿಗೆ, ಹೆಣದ ಮ್ಯಾಲಿನ ಗೆರಿ ಬರೀ ಗೆರಿ ಅಂತ ಕಾಣಲಿಲ್ಲೇನ್ರಿ?"

ಬಂಡೆಪ್ಪ ಕೈ ಹಿಂದಕ್ಕೆ ತೆಗೆದುಕೊಂಡ.

ಸ್ವರೂಪಾ ಬಿಡಲಿಲ್ಲ. ಪತ್ತೇದಾರಿಕೆಗೆ ಇಳಿಯುವ ಮುಂಚೆ ಬೀದರಿನಲ್ಲಿ ಎಕ್ಸ್‌ರೇ ಕಲಿತವಳು ಆಕೆ. ಕಲಿತದ್ದು ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಯಾರು ಬಲ್ಲರು. "ಮೈಯೊಳಗಿನ ತಂತಿ ಫಿಲ್ಮಿಂದ ದೂರ ಇರತದ. ಅದರ ಅಂಚು ಜರಾ ಮಬ್ಬು ಬರಬೇಕು. ಇದು ಬ್ಲೇಡಿನಂಗ ಚೂಪ್ ಅದ. ಸುತ್ತ ಎಲುವು ಮಬ್ಬು, ನಡುವ ತಂತಿ ಮಾತ್ರ ಚೂಪ್. ಅಂದ್ರ ಅದು ಫಿಲ್ಮಿಗೇ ತಾಗಿ ಕುಂತಿತ್ತು. ಮೈಯಾಗಲ್ಲ, ನಿಮ್ಮ ಕ್ಯಾಸೆಟ್ಟಿನಾಗ."

ಫಿಲ್ಮನ್ನು ಇಟ್ಟು ಮುಚ್ಚುವ ಚಪ್ಪಟೆ ಪೆಟ್ಟಿಗೆಗೆ ಕ್ಯಾಸೆಟ್ ಎನ್ನುತ್ತಾರೆ. ಒಳಗೆ ಒಂದು ಬಿಳಿ ಹಾಳೆ ಅಂಟಿಸಿರುತ್ತದೆ. ಕಿರಣ ಬಿದ್ದಾಗ ಆ ಹಾಳೆ ಹೊಳೆಯುತ್ತದೆ, ಆ ಹೊಳಪಿಗೆ ಫಿಲ್ಮ್ ಕಪ್ಪಾಗುತ್ತದೆ. ಹಾಳೆಗೆ ಎಲ್ಲಾದರೂ ಗೀರು ಬಿದ್ದರೆ ಅಲ್ಲಿ ಹೊಳಪಿಲ್ಲ, ಫಿಲ್ಮ್ ಅಲ್ಲಿ ಬಿಳಿಯಾಗಿಯೇ ಉಳಿಯುತ್ತದೆ. ಆಮೇಲೆ ಅದರ ಮೇಲೆ ಯಾರ ಮೈ ಇಟ್ಟರೂ ಗೀರು ತಂತಿಯ ವೇಷ ಹಾಕಿಕೊಂಡು ಬರುತ್ತದೆ.

"ಆತು, ಗೀರು ಬಿದ್ದದ," ಎಂದ ಬಂಡೆಪ್ಪ. ಒಪ್ಪಿಕೊಂಡ ರೀತಿ ಬಹಳ ಸಲೀಸಾಗಿತ್ತು. "ಹಳೇ ಮಾಲು. ಬಾವಿ ಕಡಿಗೆ ಯಂತ್ರ ಹೊತಗೊಂಡು ಹೋಗೋ ಗಡಿಬಿಡಿಯಾಗ ನೋಡಿಲ್ಲ. ಮರುದಿನ ಮಾಳಮ್ಮನ ಫಿಲ್ಮಿನಾಗೂ ಬಂತು, ಆಗ ಗೊತ್ತಾತು. ಆದ್ರ ಹೆಣದ ಎಲುವಿನಾಗ ತಂತಿನೇ ಇರಲಿಲ್ಲ ಅಂತ ನೀವು ಹೆಂಗ ಹೇಳ್ತೀರಿ? ಗೀರೂ ಇರಬಹುದು, ತಂತೀನೂ ಇರಬಹುದು. ಒಂದರ ಹಿಂದ ಒಂದು."

ಕಿಲಾಡಿ. ಸ್ವರೂಪಾಳಿಗೆ ಒಳಗೊಳಗೇ ಸಿಟ್ಟು ಏರಿತು.

"ಆ ಕ್ಯಾಸೆಟ್ ಎಲ್ಲಿ?"

"ಬಾಜೂಕ ಇಟ್ಟೀನಿ. ಕೆಟ್ಟ ಮಾಲು ಅಲ್ಲೇನ್ರಿ."

"ಫಿಲ್ಮ್ ಅದೇನ್ರಿ ಅದರಾಗ?"

"ಮಾಳಮ್ಮಂದು ಆದ ಮ್ಯಾಲ ಹೊಸಾದೊಂದು ಹಾಕಿದ್ದೆ. ಬಳಸೇ ಇಲ್ಲ. ಹಂಗೇ ಅದ."

"ಅದರ ಮ್ಯಾಲ ಒಂದು ಶಾಟ್ ಕೊಡ್ರಿ. ಮೇಜಿನ ಮ್ಯಾಲ ಯಾರೂ ಬ್ಯಾಡ. ಖಾಲಿ. ಯಾರೂ ಇಲ್ಲದ ಫಿಲ್ಮಿನಾಗ ಈ ತಂತಿ ಬಂದ್ರ ನಾ ಅದನ್ನ ವಕೀಲರಿಗೆ ಕೊಡ್ತೀನಿ. ಕೊಡಂಗಿಲ್ಲ ಅಂದ್ರ ಮಾಳಮ್ಮನ್ನ ಬಸ್‌ಸ್ಟ್ಯಾಂಡಿನಾಗ ಕೂಡಸ್ತೀನಿ. ಆಕೆ ಬಾಯಿ ನಿಮಗ ಗೊತ್ತದ."

ಮಾಳಮ್ಮನ ಬಾಯಿ ಬಂಡೆಪ್ಪನಿಗೆ ಚೆನ್ನಾಗಿಯೇ ಗೊತ್ತಿತ್ತು. ಮತ್ತೆ ನಕ್ಕು, ಎದ್ದು, ಕಪಾಟಿನ ಹಿಂದಿನಿಂದ ಕ್ಯಾಸೆಟ್ ಎಳೆದು ತಂದ. ಮೇಲೆ ದೂಳಿತ್ತು. ಅಷ್ಟು ಶುಚಿಯ ಮನುಷ್ಯ ಅದನ್ನು ಒರೆಸಲೂ ಇಲ್ಲ.

ಮೇಜಿನ ಮೇಲೆ ಅದನ್ನಿಟ್ಟು ಯಂತ್ರ ಹೊಂದಿಸುತ್ತ, "ಮೈ ಇಲ್ಲದ ಫಿಲ್ಮಿಗೆ ಪೂರ್ತಿ ಕೊಟ್ರ ಬರೀ ಕಾಡಿಗಿ ಆಗತದ," ಎಂದ.

"ಗೊತ್ತದ. ಯಂತ್ರ ಮ್ಯಾಲಕ್ಕೆತ್ತರಿ. ಬೆರಳಿಗೆ ಕೊಡೋದಕ್ಕಿಂತ ಭಾಳ ಕಮ್ಮಿ ಇಡ್ರಿ. ಜರಾ ಬೂದಿ ಬಣ್ಣ ಬಂದ್ರ ಸಾಕು."

ಯಂತ್ರ ಒಮ್ಮೆ ಗುಂಯ್ ಎಂದು ಸುಮ್ಮನಾಯಿತು.

ಕತ್ತಲೆ ಕೋಣೆ ಮೂವರಿಗೆ ಇಕ್ಕಟ್ಟು. ಸುತ್ತಲಿನ ಊರುಗಳೆಲ್ಲ ಕಂಪ್ಯೂಟರಿನ ಎಕ್ಸ್‌ರೇಗೆ ಹೋಗಿದ್ದರೂ ಬಂಡೆಪ್ಪ ಇನ್ನೂ ಹಳೆಯ ದಾರಿಯಲ್ಲೇ ಇದ್ದ. ಕೆಂಪು ದೀಪ, ಮೂರು ತಟ್ಟೆ. ಮೊದಲನೆಯದರಲ್ಲಿ ಚಿತ್ರ ಮೂಡಿಸುವ ಡೆವಲಪರ್, ನಡುವಿನದರಲ್ಲಿ ನೀರು, ಕೊನೆಯದರಲ್ಲಿ ಮೂಡಿದ್ದನ್ನು ಅಳಿಯದಂತೆ ನಿಲ್ಲಿಸುವ ಫಿಕ್ಸರ್. ಹುಳಿ ವಾಸನೆ ಮೂಗಿಗೆ ಹೊಡೆಯಿತು.

"ನಾನೇ ತೊಳಿತೀನಿ," ಎಂದಳು ಸ್ವರೂಪಾ.

"ತೊಳೀರಿ. ಆದ್ರ ಫಿಕ್ಸರಿನಾಗ ಬಿದ್ದು ಕುಂದ್ರೋ ತನಕ ಬಿಳಿ ಬೆಳಕು ತಾಗಬಾರದು. ತಾಗಿತು ಅಂದ್ರ ಎಲ್ಲಾ ಕರಿ. ಆಮ್ಯಾಲ ನನ್ನ ಬೈಬ್ಯಾಡ್ರಿ." ಬಂಡೆಪ್ಪ ಬಾಗಿಲು ಮುಚ್ಚಿ, ಅದಕ್ಕೇ ಬೆನ್ನು ಕೊಟ್ಟು ನಿಂತ.

ಸ್ವರೂಪಾ ಫಿಲ್ಮನ್ನು ಅಂಚಿನಲ್ಲಿ ಹಿಡಿದು ಡೆವಲಪರಿಗೆ ಇಳಿಬಿಟ್ಟಳು. ತಟ್ಟೆಯನ್ನು ಮೆಲ್ಲಗೆ ಅತ್ತಿತ್ತ ಅಲುಗಿಸಿದಳು. ಧಮ್ಮಶೀಲಾ ಪಕ್ಕದಲ್ಲಿ ಬಗ್ಗಿ ನಿಂತಳು. ಆಕೆಯ ಉಸಿರು ಸ್ವರೂಪಾಳ ಕೈಗೆ ತಾಗುತ್ತಿತ್ತು.

ಫಿಲ್ಮ್ ಬೂದಿಯಾಗತೊಡಗಿತು. ಬೂದಿಯ ನಡುವೆ ಒಂದು ಗೆರೆ ಮಾತ್ರ ಬಣ್ಣ ಹತ್ತಿಸಿಕೊಳ್ಳದೆ ಬಿಳಿಯಾಗಿ ಉಳಿಯಿತು. ನೇರ, ತೆಳ್ಳಗೆ, ಚೂಪಾಗಿ.

"ಬಂತಲ್ರಿ," ಎಂದಳು ಧಮ್ಮಶೀಲಾ. "ಮೇಜಿನ ಮ್ಯಾಲ ಯಾರೂ ಇರಲಿಲ್ಲ. ತಂತಿ ಬಂತು. ನನ್ನ ಮಗಾ ಹೊರಗ ಬರತಾನಲ್ರಿ ಸ್ವರೂಪಾ ಬಾಯಿ?"

"ಬರತಾನ ಅಕ್ಕಾ."

ಸ್ವರೂಪಾಳಿಗೆ ಎದೆ ಹಗುರಾಯಿತು. ಗೆದ್ದೆ ಎಂದುಕೊಂಡಳು. ಫಿಲ್ಮನ್ನು ಎತ್ತಿ ನೀರಿಗೆ ಹಾಕಲು ಬೆರಳು ಚಾಚಿದಳು.

ಅಷ್ಟರಲ್ಲಿ ಎರಡನೆಯ ಗೆರೆ ಕಂಡಿತು.

ಮೊದಲನೆಯದಕ್ಕಿಂತ ಮೇಲೆ, ಒಂದು ಮೂಲೆಯ ಹತ್ತಿರ. ಇದರ ಅಂಚು ಜರಾ ಮಬ್ಬು. ತುದಿ ಕೊಕ್ಕೆಯಂತೆ ಬಾಗಿತ್ತು.

ಸ್ವರೂಪಾಳ ಕೈ ತಟ್ಟೆಯ ಮೇಲೆಯೇ ನಿಂತುಬಿಟ್ಟಿತು. ಆ ಕೊಕ್ಕೆಯನ್ನು ಆಕೆ ನೋಡಿದ್ದಳು. ಮೊನ್ನೆ ತಾಂಡೂರಿನಲ್ಲಿ, ವೀರಭದ್ರನ ತಾಯಿ ಶಾಂತಾಬಾಯಿ ಮಗನ ಹಳೆಯ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ತುದಿಯಿಲ್ಲದ ತೋರುಬೆರಳಿನಿಂದ ಅದನ್ನೇ ತೋರಿಸಿದ್ದಳು. ಗಂಡ ಸತ್ತ ಮೇಲೆ ಕಲ್ಲು ಕೊಯ್ಯುವ ಯಂತ್ರದ ಮುಂದೆ ತಾನೇ ನಿಂತು ದುಡಿದ ಹೆಂಗಸು. ಬೆರಳಿನ ತುದಿ ಆ ಯಂತ್ರಕ್ಕೇ ಹೋಗಿತ್ತು. "ಇದೇ ನೋಡವಾ ನನ್ನ ಮಗನ ತಂತಿ. ಇದನ್ನ ನೋಡೇ ನಾ ಮಣ್ಣು ಕೊಟ್ಟೀನಿ," ಎಂದು ಅತ್ತಿದ್ದಳು. ಸ್ವರೂಪಾಳ ಕಣ್ಣಿನಲ್ಲೂ ಆಗ ನೀರು ಬಂದಿತ್ತು. ಹೆಣದ ಗೆರೆಯಲ್ಲಿ ಕೊಕ್ಕೆ ಕಾಣದ್ದನ್ನು, ಬಾವಿಗೆ ಬಿದ್ದಾಗ ತುದಿ ಮುರಿದಿರಬೇಕೆಂದು ಪೊಲೀಸರು ಅಲ್ಲಿಗೇ ಬಿಟ್ಟಿದ್ದರು.

"ಇನ್ನೊಂದು ಗೀರೇನ್ರಿ?" ಎಂದಳು ಧಮ್ಮಶೀಲಾ.

ಸ್ವರೂಪಾ ತಟ್ಟೆಯನ್ನು ಮತ್ತೆ ಅಲುಗಿಸಿದಳು. ಫಿಲ್ಮ್ ಬೂದಿಗೆ ನಿಲ್ಲುತ್ತಿರಲಿಲ್ಲ. ನಡುವಿನ ಎರಡೂ ಕಡೆ ಕಪ್ಪು ಏರುತ್ತಿತ್ತು, ಎರಡು ದೊಡ್ಡ ಕಪ್ಪು ಹೊಲಗಳ ಹಾಗೆ. ಆ ಕಪ್ಪಿನಲ್ಲಿ ಒಂದರ ಕೆಳಗೊಂದು ಬಾಗಿದ ಬಿಳಿ ಪಟ್ಟಿಗಳು ಉಳಿದುಕೊಂಡವು.

ಪಕ್ಕೆಲುಬುಗಳು.

ಯಾರೂ ಮಲಗದ ಮೇಜಿನ ಮೇಲೆ ತೆಗೆದ ಫಿಲ್ಮಿನಲ್ಲಿ ಒಬ್ಬ ಮನುಷ್ಯನ ಎದೆ ಮೂಡಿ ಬರುತ್ತಿತ್ತು. ಧಮ್ಮಶೀಲಾ "ಅವ್ವಾ" ಎಂದು ಹಿಂದೆ ಸರಿದು ಗೋಡೆಗೆ ತಾಗಿ ನಿಂತಳು. ಸ್ವರೂಪಾಳಿಗೂ ಮೈ ಜುಮ್ಮೆಂದಿತು. ದೆವ್ವವಲ್ಲ ಎಂದು ತಿಳಿದಿದ್ದರೂ ಜುಮ್ಮೆಂದಿತು.

ದೆವ್ವವಲ್ಲ, ಬಂಡೆಪ್ಪನ ಮರೆವು. ಒಂದೇ ಫಿಲ್ಮಿಗೆ ಎರಡು ಸಲ ಕಿರಣ ಬಿದ್ದಿತ್ತು. ಬಳಸದ ಹೊಸ ಫಿಲ್ಮ್ ಎಂದು ಅವನು ತಿಳಿದದ್ದು ಹೊಸದಾಗಿರಲಿಲ್ಲ. ಯಾರದೋ ಎದೆಯನ್ನು ಅದರ ಮೇಲೆ ತೆಗೆದ ಮೇಲೆ ಗೀರು ಬಿದ್ದ ಕ್ಯಾಸೆಟ್ ಎಂದು ನೆನಪಾಗಿ, ಬೇರೆ ಕ್ಯಾಸೆಟ್ಟಿನಲ್ಲಿ ಇನ್ನೊಮ್ಮೆ ತೆಗೆದು, ಇದನ್ನು ತೊಳೆಯದೆ ಕಪಾಟಿನ ಹಿಂದೆ ತಳ್ಳಿದ್ದ. ತೊಳೆಯುವ ತನಕ ಫಿಲ್ಮಿನ ಮೇಲೆ ಏನೂ ಕಾಣುವುದಿಲ್ಲ. ಕಾಣದ್ದನ್ನು ಅವನು ಮರೆತೂಬಿಟ್ಟಿದ್ದ.

ಸ್ವರೂಪಾಳ ತಲೆ ಸರಸರ ಓಡಿತು. ಒಂದು ಕ್ಯಾಸೆಟ್ಟಿನಲ್ಲಿ ಹಿಡಿಯುವುದು ಒಂದೇ ಫಿಲ್ಮ್. ಹೆಣದ ಫಿಲ್ಮ್ ಹೊರಗೆ ಬಂದ ಮೇಲೆ ಮಾಳಮ್ಮನದು ಒಳಗೆ ಹೋಯಿತು. ಮಾಳಮ್ಮನದು ಹೊರಗೆ ಬಂದ ಮೇಲೆ ಇದು ಹೋಯಿತು. ಹಾಗೆಂದು ಬಂಡೆಪ್ಪನ ಬಾಯಲ್ಲೇ ಈಗಷ್ಟೇ ಬಂದಿತ್ತು. ಅಂದರೆ ಈ ಎದೆ ಇಲ್ಲಿ ಬಂದು ನಿಂತದ್ದು ಬಾವಿಯಲ್ಲಿ ಹೆಣ ಸಿಕ್ಕ ಮೇಲೆ.

ಮತ್ತೆ ಈ ಎದೆಯಲ್ಲಿ ಉಸಿರು ತುಂಬಿತ್ತು. ಶ್ವಾಸಕೋಶಗಳ ಆ ಎರಡು ಕಪ್ಪು ಹೊಲಗಳು ಕೆಳಗಿನ ತನಕ ಹರಡಿದ್ದವು. ಉಸಿರು ಎಳೆದು ಹಿಡಿ ಎಂದರೆ ಬದುಕಿದವನು ಮಾತ್ರ ಹೀಗೆ ಹಿಡಿಯಬಲ್ಲ.

"ಅಕ್ಕಾ, ಇಲ್ಲಿ ಬರ್ರಿ," ಎಂದಳು. ತನ್ನ ದನಿ ತನಗೇ ಬೇರೆ ಯಾರದೋ ಅನಿಸಿತು. "ಹೆದರಬ್ಯಾಡ್ರಿ. ಎದಿ ನಡುವ ನೋಡ್ರಿ. ಇದೇನು?"

ಎದೆಯ ನಡುವೆ ಒಂದು ಗುಂಡನೆಯ ಅಪ್ಪಟ ಬಿಳುಪು. ಕೊರಳಿನ ಲಿಂಗವನ್ನಿಡುವ ಬೆಳ್ಳಿಯ ಕರಡಿಗೆ. ಲಿಂಗವನ್ನು ಬಿಚ್ಚಿಡಿ ಎಂದು ಲಿಂಗವಂತನಿಗೆ ಬಂಡೆಪ್ಪನಾದರೂ ಹೇಗೆ ಹೇಳಿಯಾನು. ಜಡೆ ಕಟ್ಟಿಸುತ್ತಾನೆ, ತಾಯತ ಬಿಚ್ಚಿಸುತ್ತಾನೆ, ಲಿಂಗಕ್ಕೆ ಮಾತ್ರ ಅವನೂ ಕೈ ಮುಗಿಯುತ್ತಾನೆ. ಕರಡಿಗೆಗೆ ದಾರ ಪೋಣಿಸುವ ಒಂದು ಕಿವಿಯ ಜಾಗದಲ್ಲಿ ಸುತ್ತಿ ಸುತ್ತಿ ಗಂಟು ಹಾಕಿದ ತಂತಿಯ ಸಿಂಬಿ ಕಾಣುತ್ತಿತ್ತು.

ಧಮ್ಮಶೀಲಾ ಬಗ್ಗಿ ನೋಡಿದಳು.

"ಇದು ಕ್ರಾಂತಿ ಕಟ್ಟಿದ್ದು," ಎಂದಳು. "ಕರಡಿಗಿ ಕಿವಿ ಮುರದಿತ್ತು. ಲಾರಿ ವೈರ್ ಬಿಚ್ಚಿ, ಒಳಗಿನ ತಾಮ್ರದ ತಂತಿಲೆ ಕಟ್ಟಿಕೊಟ್ಟಿದ್ದ. ವೀರಭದ್ರ ಕಟ್ಟಸ್ಕೊಂಡ. ನಮ್ಮಂಥೋರ ಕೈಲಿ ಮುಟ್ಟಿಸಿದಿ ಅಂತ ಅವರವ್ವ ಮೂರು ದಿನ ಮಾತಾಡಿರಲಿಲ್ಲ ಅವನ ಸಂಗಟ. ಕ್ರಾಂತಿ ನನಗ ಹೇಳಿ ನಗತಿದ್ದ."

ಹೆಣದ ಕೊರಳಲ್ಲಿ ಲಿಂಗವಿರಲಿಲ್ಲ. ಬಾವಿಯ ಕೆಸರಿನಲ್ಲಿ ಹೋಗಿರಬೇಕೆಂದು ಶಾಂತಾಬಾಯಿಯೇ ಎಲ್ಲರಿಗೂ ಹೇಳಿ, ಹೊಸ ಲಿಂಗ ತರಿಸಿ ಹೆಣದ ಎಡಗೈಯಲ್ಲಿಟ್ಟು ಮಣ್ಣು ಮಾಡಿಸಿದ್ದಳು. ಆ ಮಾತನ್ನು ಆಗ ಯಾರೂ ಎತ್ತಿ ಕೇಳಿರಲಿಲ್ಲ. ಸ್ವರೂಪಾಳೂ ಕೇಳಿರಲಿಲ್ಲ, ಮಗ ಸತ್ತ ತಾಯಿಯನ್ನು ಏನೆಂದು ಕೇಳುವುದು ಎಂದು.

"ವೀರಭದ್ರ ಜೀವಂತ ಇದ್ದಾನ," ಎಂದಳು ಸ್ವರೂಪಾ, ತಟ್ಟೆಯಿಂದ ಕಣ್ಣೆತ್ತದೆ. "ಹೆಣ ಸಿಕ್ಕ ಮ್ಯಾಲ ಇಲ್ಲಿ ಬಂದು ನಿಂತು ಫಿಲ್ಮ್ ತಗಸ್ಕೊಂಡಾನ. ಹೌದಲ್ರಿ ಬಂಡೆಪ್ಪನೋರೆ?"

ಬಾಗಿಲಿಗೆ ಬೆನ್ನು ಕೊಟ್ಟಿದ್ದ ಬಂಡೆಪ್ಪ ಕಾಲು ಬದಲಿಸಿದ. ಈ ಸಲ ನಗಲಿಲ್ಲ.

"ಹೆಣದ ಕೊರಳ ಎಲುವು ಎಲ್ಲಿ ಬರತದ ಅಂತ ಲೆಕ್ಕ ಹಾಕಿ ಅಲ್ಲೇ ಸೂಜಿಲೆ ಗೀರಿದವರು ನೀವು. ಯಾರ ಸಲುವಾಗಿ?"

"ಮೇಡಂ," ಎಂದ ಬಂಡೆಪ್ಪ ಕೊನೆಗೆ. ಹುರುಪೆಲ್ಲ ಇಳಿದು ದನಿ ಚಪ್ಪಟೆಯಾಗಿತ್ತು. "ಆ ಫಿಲ್ಮ್ ಬಿಟ್ಟು ಹೊರಗ ಬರ್ರಿ. ನೀವು ನೋಡಬಾರದ್ದು ಅದ ಅದರಾಗ."

ಆಗಲೇ ಅದು ಮೂಡಿತ್ತು.

ಎದೆಯವನ ಭುಜದ ಮೇಲೆ ಒಂದು ಕೈ ಇತ್ತು. ಅವನದಲ್ಲ, ಬೇರೆಯವರದು. ರೋಗಿಗೆ ನಿಲ್ಲಲಾಗದಿದ್ದಾಗ ಯಾರಾದರೂ ಹಿಂದಿನಿಂದ ಹಿಡಿದುಕೊಳ್ಳುತ್ತಾರಲ್ಲ, ಹಾಗೆ. ಬೆರಳುಗಳ ಎಲುಬುಗಳು ಒಂದೊಂದಾಗಿ ಕಪ್ಪಿನಿಂದ ಎದ್ದು ನಿಂತವು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ತೋರುಬೆರಳು ಅರ್ಧಕ್ಕೇ ಮುಗಿದಿತ್ತು.

ಸ್ವರೂಪಾಳಿಗೆ ಇಲ್ಲ ಎನ್ನಬೇಕೆನಿಸಿತು. ಇದೂ ಗೀರು, ಇದೂ ಕಲೆ, ಇದೂ ಸುಳ್ಳು ನೆರಳು ಎಂದುಕೊಳ್ಳಬೇಕೆನಿಸಿತು. ಆದರೆ ಫಿಲ್ಮಿನ ಸುಳ್ಳುಗಳನ್ನು ಆಕೆ ಬಲ್ಲಳು. ಇದು ಸುಳ್ಳಲ್ಲ.

ಧಮ್ಮಶೀಲಾ ಅಳಲಿಲ್ಲ. ತನ್ನ ಬಲಗೈಯನ್ನು ಕೆಂಪು ದೀಪಕ್ಕೆ ಹಿಡಿದು ನೋಡಿಕೊಂಡಳು, ಅದಕ್ಕೇನೋ ಮೆತ್ತಿಕೊಂಡಿದೆ ಎಂಬಂತೆ.

"ಈ ಕೈ ನಾ ಹಿಡದೀನ್ರಿ," ಎಂದಳು ಮೆಲ್ಲಗೆ. "ಮಣ್ಣಿನ ದಿನ ನಾ ದೂರ ನಿಂತಿದ್ದೆ. ನಾಕು ಮಂದಿ ಮುಂದ ಆಕೆನೇ ನನ್ನ ಹಂತ್ಯಾಕ ಬಂದು ನನ್ನ ಕೈ ಹಿಡದ್ಲು. ನಿನ್ನ ಮಗ ನನ್ನ ಮಗನ್ನ ತಿಂದ ಅಂತ ಅತ್ಲು. ನಾ ಆಕೆ ಕಾಲಿಗೆ ಬಿದ್ದು ಮಾಫಿ ಕೇಳೀನ್ರಿ ಬಾಯಿ. ನನ್ನ ಮಗನೇ ಮಾಡ್ಯಾನೇನೋ ಅಂತ ಆವತ್ತು ಒಂದು ಗಳಿಗಿ ನಾನೂ ನಂಬಿದ್ದೆ."

ಸ್ವರೂಪಾ ಫಿಲ್ಮನ್ನು ಎತ್ತಿ ನೀರಿಗೆ ಅದ್ದಿದಳು. ಫಿಕ್ಸರಿನ ತಟ್ಟೆ ಒಂದು ಮೊಳ ದೂರದಲ್ಲಿತ್ತು.

ಬಾಗಿಲಾಚೆ ಅಂಗಡಿಯಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಹೆಂಗಸಿನ ದನಿಯೊಂದು, ಮೊನ್ನೆ ತಾಂಡೂರಿನಲ್ಲಿ ಅತ್ತ ಅದೇ ದನಿ, ಮನೆಯವರನ್ನು ಕರೆಯುವ ಸಲಿಗೆಯಿಂದ ಕೇಳಿತು.

"ಬಂಡೆಪ್ಪಣ್ಣಾ, ಒಳಗಿದ್ದೀ ಏನು? ನನ್ನ ಹುಡುಗಗ ಉಸಿರು ಹತ್ತವಲ್ದು, ಜಲ್ದಿ ಬಾ."

ಸ್ವರೂಪಾ ತಿರುಗಿ ನೋಡಿದಳು. ಬಂಡೆಪ್ಪನ ಶುದ್ಧವಾದ ಬೆರಳು ಬಿಳಿ ದೀಪದ ಸ್ವಿಚ್ಚಿನ ಮೇಲಿತ್ತು.